ಕಪಾಲದೊಳಗಿನ ಗಾಯವನ್ನು ಓದುವ ವಿದ್ಯೆ

ತಲೆಗೆ ಪೆಟ್ಟು ಬಿದ್ದವನು ಎದ್ದು ಕುಳಿತು ಮಾತನಾಡಿದನೆಂದರೆ, ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿ ತಾಳುತ್ತಾರೆ. ಆದರೆ ಕಪಾಲದೊಳಗೆ ರಕ್ತ ಸೋರುತ್ತಿದ್ದರೆ, ಕೆಲವೇ ಗಂಟೆಗಳಲ್ಲಿ ಅವನೇ ಪ್ರಜ್ಞೆ ತಪ್ಪಿ ಬೀಳಬಹುದು. ಈ ಗುಪ್ತ ಗಾಯವನ್ನು ಕಾಣಿಸುವ ಸಾಧನವೇ ಸಿ.ಟಿ. ಸ್ಕ್ಯಾನ್. ನಾವು ವೈದ್ಯರಲ್ಲ, ಆದರೂ ಈ ವಿದ್ಯೆಯ ತಿರುಳು ಪ್ರತಿ ಮನೆಗೂ ತಿಳಿದಿರಬೇಕೆಂಬುದು ನಮ್ಮ ಆಶಯ.

ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಕ್ಷ-ಕಿರಣವನ್ನು ತಡೆಯುವ ಶಕ್ತಿಗನುಸಾರವಾಗಿ ಈ ಚಿತ್ರದಲ್ಲಿ ಪ್ರತಿಯೊಂದಕ್ಕೂ ಒಂದು ಅಂಕವುಂಟು. ನೀರಿಗೆ 0, ಗಾಳಿಗೆ ಮೈನಸ್ 1000. ಮಿದುಳಿಗೆ 30ರಿಂದ 40, ಹೆಪ್ಪುಗಟ್ಟಿದ ಹೊಸ ರಕ್ತಕ್ಕೆ ಸುಮಾರು 50ರಿಂದ 70. ಆದ್ದರಿಂದಲೇ ಬೂದುಬಣ್ಣದ ಮಿದುಳಿನ ಪಕ್ಕದಲ್ಲಿ ಹೊಸ ರಕ್ತವು ಬೆಳ್ಳಗೆ ತೋರುತ್ತದೆ.

ಆ ಬಿಳುಪಿನ ಆಕಾರಕ್ಕೂ ಅರ್ಥವಿದೆ. ಕಪಾಲಕ್ಕೂ ಮಿದುಳಿನ ಹೊರಪೊರೆಗೂ ನಡುವೆ ನಿಂತ ರಕ್ತ ಉಬ್ಬಿದ ಮಸೂರದಂತೆ ಕಾಣುತ್ತದೆ. ಪೊರೆಯ ಕೆಳಗೆ ಹರಡಿದ್ದು ಬಿದಿಗೆಯ ಚಂದ್ರನಂತೆ. ಪೊರೆಯ ಕೆಳಗಿನ ಹೊಸ ರಕ್ತದ ದಪ್ಪ 10 ಮಿಲಿಮೀಟರ್ ಮೀರಿದ್ದರೆ, ಅಥವಾ ಮಿದುಳಿನ ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ಸಾಮಾನ್ಯವಾಗಿ ಶಸ್ತ್ರಕ್ರಿಯೆ ಅನಿವಾರ್ಯ.

ಕಠಿಣ ಪರೀಕ್ಷೆ ಬರುವುದು ತಡವಾಗಿ ಬಂದ ರೋಗಿಯಲ್ಲಿ. ಎರಡು-ಮೂರು ವಾರಗಳಲ್ಲಿ ರಕ್ತದ ಬಿಳುಪು ಮಾಸಿ ಮಿದುಳಿನ ಬಣ್ಣದೊಡನೆ ಬೆರೆತುಹೋಗುತ್ತದೆ. ಎರಡೂ ಪಾರ್ಶ್ವಗಳಲ್ಲಿ ರಕ್ತ ಸಮವಾಗಿ ನಿಂತಿದ್ದರೆ ನಡುಗೆರೆಯೂ ಸರಿಯದು. ಅಂಥಲ್ಲಿ, ಮಿದುಳಿನ ಮಡಿಕೆಗಳು ಕಪಾಲದ ಅಂಚನ್ನು ಮುಟ್ಟುತ್ತಿಲ್ಲವೆಂಬ ಸೂಕ್ಷ್ಮವನ್ನು ಕ್ಷ-ಕಿರಣ ತಜ್ಞರು ಗುರುತಿಸಿ ಶಸ್ತ್ರವೈದ್ಯರಿಗೆ ತೋರಿಸಿಕೊಡುತ್ತಾರೆ.

ಈಗ ಗಣಕಯಂತ್ರವೂ ನೆರವಿಗೆ ಬಂದಿದೆ. ಭಾರತದ ಕೇಂದ್ರಗಳಿಂದ ಸಂಗ್ರಹಿಸಿದ 3,13,318 ತಲೆಯ ಸ್ಕ್ಯಾನ್‌ಗಳನ್ನು ಆಧರಿಸಿದ ಅಧ್ಯಯನವೊಂದು 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತಸ್ರಾವ, ಮೂಳೆಮುರಿತಗಳ ಚಿತ್ರಗಳನ್ನು ಯಂತ್ರವು ಗುರುತಿಸಿ, ಮೊದಲು ನೋಡಬೇಕಾದವನ್ನು ಮುಂದಿಡಬಲ್ಲದು. ನಿರ್ಣಯದ ಹೊಣೆ ಮಾತ್ರ ವೈದ್ಯರದೇ.

ಚಿತ್ರ ಓದುವವರಿಗೆ ರೋಗಿಯ ವೃತ್ತಾಂತವೂ ಬೇಕು. ಬಿದ್ದದ್ದು ಯಾವಾಗ, ಹೇಗೆ, ನಡುವೆ ಪ್ರಜ್ಞೆ ತಪ್ಪಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದಾರೆಯೇ ಎಂಬುದನ್ನು ಬಂಧುಗಳು ತಪ್ಪದೆ ತಿಳಿಸಬೇಕು. ಹಿಂದಿನ ಸ್ಕ್ಯಾನ್ ಚಿತ್ರಗಳಿದ್ದರೆ ಜೊತೆಗೆ ಒಯ್ಯಬೇಕು. ಪೆಟ್ಟುಬಿದ್ದವರಿಗೆ ವಾಂತಿ, ಹೆಚ್ಚುವ ತಲೆನೋವು, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಓದುಗ ಬಂಧುಗಳಲ್ಲಿ ನಾವು ಕಳಕಳಿಯಿಂದ ಬಿನ್ನವಿಸುತ್ತೇವೆ.