ನೊರೆ ಬೆಚ್ಚಗಿರಬೇಕು, ಒಡೆಯಬಾರದು

ಕ್ಷೌರದ ನೊರೆಯಲ್ಲಿ ಕಲಿಯುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಹೊಸಕೋಟೆಯಲ್ಲಿರುವ ನಮ್ಮ ತಂದೆಯವರಿಗೆ ಕೈ ನಡುಕ. ಆದರೂ ಮುಖಕ್ಷೌರ ತಾವೇ ಮಾಡಿಕೊಳ್ಳಬೇಕೆಂಬ ಹಟ. ಬೇರೆಯವರಿಗೆ ಐದು ನಿಮಿಷದ ಕೆಲಸ, ಅವರಿಗೆ ಅರ್ಧ ಗಂಟೆ. ಪುಷ್ಯಮಾಸದ ಬೆಳಗಿನ ಚಳಿಯಲ್ಲಿ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಬಟ್ಟಲಿನ ನೊರೆ ತಣ್ಣಗಾಗಿ ನೀರೊಡೆಯುತ್ತಿತ್ತು. ನೊರೆ ತೆಳುವಾದ ಕಡೆ ಬ್ಲೇಡು ಗೀರುತ್ತಿತ್ತು. ನಡುಗುವ ಕೈಗೆ ದಪ್ಪ ನೊರೆಯೇ ರಕ್ಷಣೆ.

ವಿಜ್ಞಾನ ಓದಿದವನೆಂಬ ಧೈರ್ಯದಿಂದ ನಾನು ಒಂದು ದಿನ ಆ ಬಟ್ಟಲನ್ನು ಒಲೆಯ ಸಣ್ಣ ಉರಿಯ ಮೇಲಿಟ್ಟೆ. ಎರಡೇ ನಿಮಿಷದಲ್ಲಿ ತಳದಲ್ಲಿ ಸಾಬೂನು ನೀರು, ಮೇಲೆ ದೊಡ್ಡ ದೊಡ್ಡ ಗುಳ್ಳೆ. ಇಷ್ಟಾದರೂ ಮೇಲಿನ ನೊರೆ ಇನ್ನೂ ತಣ್ಣಗೇ ಇತ್ತು. ತಂದೆಯವರು ನಕ್ಕು, "ಕಾಯಿಸೋಕೆ ಅದೇನು ಹಾಲೇನೋ?" ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನೊರೆ ಎಂದರೇನು?

ನೊರೆ ಎಂದರೆ ದ್ರವದ ತೆಳು ಪೊರೆಗಳೊಳಗೆ ಸಿಕ್ಕಿಕೊಂಡ ಗಾಳಿ. ಬರಿಯ ನೀರನ್ನು ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ. ನೀರಿನ ಮೇಲ್ಮೈಗೆ ಅಂಟಿಕೊಂಡು ಪೊರೆಯನ್ನು ಕಾಪಾಡುವ ವಸ್ತುವೊಂದು ಬೇಕು. ಸಾಬೂನು ಅಂಥದ್ದು. ಅಜ್ಜಿ ತಲೆಗೆ ಹಚ್ಚುತ್ತಿದ್ದ ಸೀಗೆಕಾಯಿ, ರೇಷ್ಮೆ ಸೀರೆ ಒಗೆಯುವ ಅಂಟುವಾಳ ಕಾಯಿಗಳಲ್ಲಿರುವ ಸಪೋನಿನ್ ಕೂಡ ಅಂಥದ್ದೇ. 2015ರಲ್ಲಿ ವರ್ತೂರು ಕೆರೆಯ ನೊರೆ ಹಾರಿ ರಸ್ತೆಗೆ ಬಿದ್ದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಅಲ್ಲಿ ಕೊಳಚೆ ನೀರಿನೊಂದಿಗೆ ಬಂದ ಮಾರ್ಜಕಗಳು ಸಾಬೂನಿನ ಕೆಲಸ ಮಾಡಿದವು. ಕೋಡಿಯಲ್ಲಿ ಧುಮುಕುವ ನೀರು ಬ್ರಷ್ಷಿನ ಕೆಲಸ ಮಾಡಿತು.

ಒಡೆಯುವುದು ಹೇಗೆ?

ನೊರೆ ಮೂರು ದಾರಿಯಲ್ಲಿ ಸಾಯುತ್ತದೆ. ಒಂದು, ಪೊರೆಗಳ ನಡುವಿನ ನೀರು ಗುರುತ್ವದಿಂದ ಕೆಳಗೆ ಬಸಿದುಹೋಗುತ್ತದೆ. ಎರಡು, ಸಣ್ಣ ಗುಳ್ಳೆಯೊಳಗೆ ಒತ್ತಡ ಹೆಚ್ಚು, ದೊಡ್ಡದರಲ್ಲಿ ಕಡಿಮೆ. ಆದ್ದರಿಂದ ಸಣ್ಣದರ ಗಾಳಿ ಪೊರೆಯ ಮೂಲಕ ದೊಡ್ಡದಕ್ಕೆ ಸೋರುತ್ತದೆ. ಸಣ್ಣದು ಮಾಯವಾಗುತ್ತದೆ, ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಮೂರು, ತೀರಾ ತೆಳುವಾದ ಪೊರೆ ಹರಿದುಹೋಗುತ್ತದೆ.

1991ರಲ್ಲಿ ಡ್ಯೂರಿಯನ್, ವೈಟ್ಜ್ ಮತ್ತು ಪೈನ್ ಎಂಬ ಮೂವರು ಭೌತವಿಜ್ಞಾನಿಗಳು ಡಬ್ಬಿಯಲ್ಲಿ ಮಾರುವ ಕ್ಷೌರದ ನೊರೆಯ ಮೂಲಕವೇ ಬೆಳಕು ಹಾಯಿಸಿ ಗುಳ್ಳೆಗಳ ಬೆಳವಣಿಗೆಯನ್ನು ಅಳೆದರು. ಸಮಯ ನಾಲ್ಕು ಪಟ್ಟಾದರೆ ಗುಳ್ಳೆಯ ಸರಾಸರಿ ವ್ಯಾಸ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಅವರು ಕಂಡ ಲೆಕ್ಕ. ನೋಡಿದಿರಾ, ಕನ್ನಡಿಯ ಮುಂದಿನ ನೊರೆ ಪ್ರಯೋಗಶಾಲೆಗೂ ಹೋಗಿದೆ!

ಬಿಸಿ ಏನು ಮಾಡುತ್ತದೆ?

ಈ ಮೂರೂ ದಾರಿಗಳನ್ನು ಬಿಸಿ ಸುಗಮಗೊಳಿಸುತ್ತದೆ. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನಿಂದ 45ಕ್ಕೆ ಏರಿದರೆ ಅದರ ಸ್ನಿಗ್ಧತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂದರೆ ನೀರು ಬೇಗ ಬಸಿಯುತ್ತದೆ. ಅಷ್ಟೇ ಏರಿಕೆಗೆ ಗುಳ್ಳೆಯೊಳಗಿನ ಗಾಳಿ ಸುಮಾರು ಶೇಕಡ 10ರಷ್ಟು ಹಿಗ್ಗಿ ಪೊರೆಯನ್ನು ಎಳೆಯುತ್ತದೆ. ಚಾರ್ಲ್ಸ್ ನಿಯಮ ನೆನಪಿದೆಯಲ್ಲವೇ? ಮೇಲ್ಪದರದ ನೀರು ಆವಿಯಾಗುತ್ತದೆ. ಕ್ಷೌರದ ಸಾಬೂನಿನಲ್ಲಿ ಮುಖ್ಯವಾಗಿರುವ ಸ್ಟಿಯರಿಕ್ ಆಮ್ಲದ ಲವಣಗಳು ತಂಪಿನಲ್ಲಿ ಅರೆಗಟ್ಟಿಯಾಗಿದ್ದು ಪೊರೆಗೆ ಬಿಗಿ ಕೊಡುತ್ತವೆ. ಕಾದಾಗ ಆ ಬಿಗಿ ಸಡಿಲುತ್ತದೆ.

ಇನ್ನೊಂದು ಮಾತು. ಡಬ್ಬಿಯ ನೊರೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಅನಿಲ. ಬ್ರಷ್ಷಿನ ನೊರೆಯಲ್ಲೂ ಗಾಳಿಯದೇ ದೊಡ್ಡ ಪಾಲು. ಹೀಗಾಗಿ ನೊರೆಯಲ್ಲಿ ಶಾಖ ಹಿಡಿದಿಡುವ ನೀರು ಕಡಿಮೆ, ಶಾಖ ಹರಿಯುವುದೂ ನಿಧಾನ. ನನ್ನ ಬಟ್ಟಲಿನಲ್ಲಿ ತಳ ಸುಟ್ಟು ಮೇಲ್ಭಾಗ ತಣ್ಣಗಿದ್ದ ಗುಟ್ಟು ಇದೇ. ನೊರೆಯನ್ನು ಕಾಯಿಸಬಾರದು. ಬೆಚ್ಚಗಿರುವ ನೊರೆಯ ಬಿಸಿ ಹೊರಹೋಗದಂತೆ ತಡೆಯಬೇಕು. ಇಡೀ ಉಪಾಯ ಇಷ್ಟೇ.

ಉಪಾಯ

ಕಾಲು ಲೀಟರಿನಷ್ಟು ಬಿಸಿನೀರನ್ನು ಅಗಲ ಬಟ್ಟಲಿಗೆ ಹಾಕಿ. ನೀರು ಕೈ ಅದ್ದಿದರೆ ತಡೆಯುವಷ್ಟು, ಅಂದರೆ ಸುಮಾರು 45 ಡಿಗ್ರಿ ಇರಲಿ. ಅದರೊಳಗೆ ದಪ್ಪ ಪಿಂಗಾಣಿ ಅಥವಾ ಸ್ಟೀಲಿನ ಸಣ್ಣ ಬಟ್ಟಲನ್ನು ಐದು ನಿಮಿಷ ಇಟ್ಟು ಬೆಚ್ಚಗಾದ ಮೇಲೆ ಅದರಲ್ಲೇ ನೊರೆ ಕಡೆಯಬೇಕು. ಶಾಖದ ಉಗ್ರಾಣ ಹೊರಗಿನ ನೀರು; ನೊರೆ ಅದರ ಅತಿಥಿ. ನೊರೆಗೆ ನೀರು ಹನಿಹನಿಯಾಗಿ ಮಾತ್ರ ಬೀಳಲಿ, ಏಕೆಂದರೆ ಬಸಿಯುವುದಕ್ಕೆ ಹೆಚ್ಚು ನೀರೇ ಇರಬಾರದು. ಎರಡು ಹನಿ ಗ್ಲಿಸರಿನ್ ಸೇರಿಸಿದರೆ ನೀರು ಬೇಗ ಆರುವುದಿಲ್ಲ. ಬಳಸದಿರುವಾಗ ತಟ್ಟೆ ಮುಚ್ಚಿ.

ಇಷ್ಟಾದರೂ ನೊರೆ ಶಾಶ್ವತವಲ್ಲ. ಐದು ನಿಮಿಷಕ್ಕೊಮ್ಮೆ ಬ್ರಷ್ಷನ್ನು ನಾಲ್ಕು ಸುತ್ತು ತಿರುಗಿಸಿದರೆ ದೊಡ್ಡ ಗುಳ್ಳೆಗಳು ಒಡೆದು ಮತ್ತೆ ಸಣ್ಣವಾಗುತ್ತವೆ. ಕ್ಷೌರದಂಗಡಿಯಲ್ಲಿ ಎರಡನೆಯ ಬಾರಿ ಹಚ್ಚುವ ಮೊದಲು ಬ್ರಷ್ ತಿರುಗಿಸುವುದನ್ನು ನೀವು ನೋಡಿಯೇ ಇರುತ್ತೀರಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿ ಕರಗದ ಕೆನೆಯಂಥ ಗಸಿಯಾಗುತ್ತವೆ. ಅಷ್ಟು ಸಾಬೂನು ವ್ಯರ್ಥ. ನೊರೆಗೆ ಬೇಕಾದ ಎರಡು ಚಮಚ ನೀರನ್ನಾದರೂ ಶೇಖರಿಸಿದ ಮಳೆನೀರಿನಿಂದ ಅಥವಾ ಶುದ್ಧ ನೀರಿನ ಘಟಕದ ಕ್ಯಾನಿನಿಂದ ತೆಗೆದುಕೊಳ್ಳಿ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಗಾಜಿನ ಲೋಟಗಳಿಗೆ ಒಂದೇ ಬಾರಿ ಕಡೆದ ನೊರೆಯನ್ನು ಸಮನಾಗಿ ತುಂಬಿ. ಒಂದನ್ನು ತಣ್ಣೀರಿನಲ್ಲಿ, ಒಂದನ್ನು 45 ಡಿಗ್ರಿಯ ನೀರಿನಲ್ಲಿ, ಇನ್ನೊಂದನ್ನು 60 ಡಿಗ್ರಿಯ ನೀರಿನಲ್ಲಿ ನಿಲ್ಲಿಸಿ. ಬಿಸಿನೀರಿನ ಕೆಲಸಕ್ಕೆ ಹಿರಿಯರು ಜೊತೆಗಿರಲಿ. 5, 10, 20 ನಿಮಿಷಗಳಲ್ಲಿ ತಳದಲ್ಲಿ ಎಷ್ಟು ಮಿಲಿಮೀಟರ್ ನೀರು ನಿಂತಿತೆಂದು ಸ್ಕೇಲಿನಿಂದ ಅಳೆದು ಪಟ್ಟಿ ಮಾಡಿ. ಮರುದಿನ ಇದನ್ನೇ ಗಡಸು ನೀರಿನಿಂದಲೂ ಮೆದು ನೀರಿನಿಂದಲೂ ಮಾಡಿ ಹೋಲಿಸಿ.

ನಮ್ಮ ತಂದೆಯವರಿಗೆ ಈಗಲೂ ಅರ್ಧ ಗಂಟೆಯೇ ಬೇಕು. ಕೈ ನಡುಕ ಹಾಗೆಯೇ ಇದೆ. ಕೊನೆಯ ಗೀಟಿನವರೆಗೂ ನೊರೆ ಬೆಚ್ಚಗಿರುತ್ತದೆ, ಗಾಯ ಅಪರೂಪವಾಗಿದೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ನಾಳೆ ಬೆಳಿಗ್ಗೆ ಅವರ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟುಕೊಡಿ. ಕಲಿತ ಭೌತಶಾಸ್ತ್ರ ಅಲ್ಲಿಂದಲೇ ಕೆಲಸಕ್ಕೆ ಬರಲಿ.