ಅಲ್ಲಿ ಮೂಕರಾದವರು ನಾವೇ!

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಗೆಳೆಯರು ಸೇರಿ ಒಂದು ಗ್ಲೌಸ್ ಮಾಡಿದ್ದೆವು. ಅದನ್ನು ತೊಟ್ಟು ಬೆರಳು ಮಡಚಿದರೆ ಸೆನ್ಸರ್ ಗುರುತಿಸುತ್ತದೆ, ಮೊಬೈಲ್ ಆ ಅಕ್ಷರವನ್ನು ಜೋರಾಗಿ ಹೇಳುತ್ತದೆ. ‘ಕಿವುಡರಿಗೆ ಮಾತು ಕೊಡುವ ಯಂತ್ರ’ ಎಂದು ರಿಪೋರ್ಟ್‌ನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದುಕೊಂಡಿದ್ದೆವು. ‘ಮೊದಲು ಆ ಮಕ್ಕಳಿಗೆ ತೋರಿಸಿ ಬನ್ನಿ’ ಎಂದರು ನಮ್ಮ ಗೈಡ್ ಮೇಡಂ. ಹಾಗೆ ನಾವು ಹೋಗಿದ್ದು ಊರ ಹೊರಗೆ ಕ್ರೈಸ್ತ ಸಿಸ್ಟರ್‌ಗಳು ನಡೆಸುವ ಕಿವುಡ ಮಕ್ಕಳ ವಸತಿ ಶಾಲೆಗೆ. ಎರಡು ದಿನ ಅಲ್ಲಿನ ಅತಿಥಿ ಕೋಣೆಯಲ್ಲೇ ಉಳಿದೆವು.

ಅಲ್ಲಿ ಬೆಳಗಾಗುವುದು ಗಂಟೆಯ ಸದ್ದಿಗಲ್ಲ. ಐದೂವರೆಗೆ ವಾರ್ಡನ್ ಸಿಸ್ಟರ್ ಲೈಟನ್ನು ನಾಲ್ಕೈದು ಸಲ ಹಾಕಿ ಆರಿಸುತ್ತಾರೆ. ಆಗಲೂ ಮುಸುಕೆಳೆದು ಮಲಗಿದವರ ಮಂಚ ಅಲುಗಾಡಿಸುತ್ತಾರೆ. ಹತ್ತೇ ನಿಮಿಷದಲ್ಲಿ ನಲ್ಲಿಗಳ ಮುಂದೆ ಸಾಲು. ಬಾಯಿ ತುಂಬ ಪೇಸ್ಟಿನ ನೊರೆಯಿದ್ದರೂ ಒಂದೇ ಕೈಯಲ್ಲಿ ಜಗಳ ಸರಾಗವಾಗಿ ನಡೆದಿತ್ತು!

ಪ್ರಾರ್ಥನೆಗೆ ನಿಂತಾಗ ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಪಕ್ಕದ ಪುಟ್ಟ ಹುಡುಗಿ ಮೊಣಕೈಯಿಂದ ತಿವಿದಳು. ಅಲ್ಲಿ ಯಾರೂ ಕಣ್ಣು ಮುಚ್ಚುವುದಿಲ್ಲ. ಮುಚ್ಚಿದರೆ ಮುಂದೆ ನಿಂತ ಸಿಸ್ಟರ್ ಕೈಯಲ್ಲಿ ಹೇಳುವ ಪ್ರಾರ್ಥನೆ ಕಾಣುವುದಾದರೂ ಹೇಗೆ? ತರಗತಿಯ ಬೆಂಚುಗಳೂ ಅರ್ಧಚಂದ್ರದ ಹಾಗೆ. ಎಲ್ಲರಿಗೂ ಎಲ್ಲರ ಕೈ, ಮುಖ ಕಾಣಬೇಕಲ್ಲ!

ಚಿಕ್ಕವರಿಗೆ ಮಾತಿನ ಪಾಠವೂ ಇತ್ತು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ ಎಂಬುದು ಇಪ್ಪತ್ತು ವರ್ಷ ಮಾತಾಡಿದ ನನಗೆ ಅವತ್ತೇ ಹೊಳೆದಿದ್ದು. ಸಿಸ್ಟರ್ ಮಗುವಿನ ಬೆರಳನ್ನು ‘ಬ’ಗೆ ತಮ್ಮ ಗಂಟಲಿನ ಮೇಲೂ ‘ಮ’ಗೆ ಮೂಗಿನ ಮೇಲೂ ಇಟ್ಟು ಕಂಪನ ತೋರಿಸುತ್ತಿದ್ದರು. ಹತ್ತಾರು ಸಲ ‘ಬರ’ ಎಂದ ಮಗು ಕೊನೆಗೂ ‘ಮರ’ ಎಂದಾಗ ಉಳಿದ ಮಕ್ಕಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ.

ನಮ್ಮ ದೇಶದ ಮೊದಮೊದಲ ಕಿವುಡರ ಶಾಲೆಗಳು 19ನೇ ಶತಮಾನದ ಕೊನೆಯಲ್ಲಿ ಮುಂಬೈ, ತಮಿಳುನಾಡಿನ ಪಾಳಯಂಕೋಟೆಗಳಲ್ಲಿ ಹುಟ್ಟಿದ್ದು ಮಿಷನರಿಗಳಿಂದ. ಆದರೆ 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಶಿಕ್ಷಕರ ಸಮ್ಮೇಳನ, ಕಿವುಡರಿಗೆ ಬಾಯಿಮಾತಿನಲ್ಲೇ ಕಲಿಸಬೇಕು ಎಂದು ನಿರ್ಣಯಿಸಿತ್ತು. ಅದರಿಂದಾಗಿ ಜಗತ್ತಿನ ಎಷ್ಟೋ ಶಾಲೆಗಳಲ್ಲಿ ಬಹುಕಾಲ ಕೈಸನ್ನೆಗೆ ಜಾಗವೇ ಇರಲಿಲ್ಲ. ಈ ಶಾಲೆಯಲ್ಲಿ ಎರಡೂ ಇವೆ.

ಸಂಜೆ ನಮ್ಮ ಗ್ಲೌಸ್‌ನ ಸರದಿ. ಏಳನೇ ಕ್ಲಾಸಿನ ಹುಡುಗನೊಬ್ಬ ತೊಟ್ಟುಕೊಂಡ. ಅಲ್ಲಿ ಎಲ್ಲರಿಗೂ ಒಂದು ಕೈಹೆಸರಿದೆ. ಇವನದು ಕೆನ್ನೆಯ ಗುಳಿಗೆ ಬೆರಳಿಡುವುದು. ಗುಳಿಕೆನ್ನೆ ‘ಎ’ ಎಂದ, ‘ಬಿ’ ಎಂದ. ಮೊಬೈಲ್ ಉಸಿರೆತ್ತಲಿಲ್ಲ. ನಾವು ಇಂಟರ್‌ನೆಟ್‌ನಿಂದ ಇಳಿಸಿಕೊಂಡಿದ್ದು ಅಮೆರಿಕದ ಒಂಟಿಗೈ ಅಕ್ಷರಗಳನ್ನು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಚ್ಚಿನ ಇಂಗ್ಲಿಷ್ ಅಕ್ಷರಗಳಿಗೆ ಎರಡು ಕೈ ಬೇಕು! ಅದೂ ಸಾಲದೆಂಬಂತೆ ‘ಊಟ ಆಯಿತು’, ‘ಊಟ ಆಯಿತಾ?’ ಎರಡಕ್ಕೂ ಕೈ ಒಂದೇ. ಹುಬ್ಬು ಏರಿದರೆ ಪ್ರಶ್ನೆ. ಹುಬ್ಬಿಗೆ ನಾವು ಸೆನ್ಸರ್ ಹಾಕಿರಲಿಲ್ಲ.

ಗುಳಿಕೆನ್ನೆ ಗ್ಲೌಸ್ ಬಿಚ್ಚಿ ಏನೋ ಕೇಳಿದ. ಸಿಸ್ಟರ್ ನಮಗೆ ಹೇಳಿದರು: ‘ಇದು ಸರಿಯಾದರೆ ನನ್ನ ಮಾತು ನಿಮಗೆ ಕೇಳುತ್ತೆ. ನಿಮ್ಮ ಮಾತು ನನಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳ್ತಿದಾನೆ.’

ನಾಲ್ವರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಅವನ ಮನೆಯಲ್ಲಿ ಊಟ, ಸ್ನಾನ, ಮಲಗು ಬಿಟ್ಟರೆ ಯಾರಿಗೂ ಬೇರೆ ಸನ್ನೆ ಬರುವುದಿಲ್ಲವಂತೆ. ರಜೆಯಲ್ಲಿ ಎಲ್ಲರೂ ಕೂತು ನಗುವಾಗ ಇವನು ‘ಏನು?’ ಎನ್ನುತ್ತಾನೆ. ‘ಆಮೇಲೆ ಹೇಳ್ತೀವಿ’ ಎಂಬ ಸನ್ನೆ ಬರುತ್ತದೆ. ಆ ‘ಆಮೇಲೆ’ ಬರುವುದೇ ಇಲ್ಲ. ಕೇಳುತ್ತಿದ್ದ ನನಗೆ ನಮ್ಮಜ್ಜಿ ನೆನಪಾದಳು. ಕಿವಿ ಮಂದವಾದ ಮೇಲೆ ‘ಏನಂದ್ಯೋ ಮಗಾ?’ ಎಂದಾಗಲೆಲ್ಲ ‘ಏನಿಲ್ಲ ಬಿಡಜ್ಜಿ’ ಎಂದು ಮೊಬೈಲ್ ನೋಡುತ್ತಿದ್ದವನು ನಾನೇ.

ವಾಪಸ್ ಬಂದು ರಿಪೋರ್ಟ್‌ನ ಮೊದಲ ಸಾಲು ಅಳಿಸಿದೆವು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹೊರತಂದ ನಿಘಂಟಿನ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿವೆ. ದಿನಕ್ಕೆ ಐದು ಪದ ಕಲಿಯುತ್ತಿದ್ದೇನೆ. ಅಜ್ಜಿಗೆ ಈಗ ಪಕ್ಕದಲ್ಲಿ ಕೂತು, ಮುಖ ನೋಡಿ, ನಿಧಾನವಾಗಿ ಹೇಳುತ್ತೇನೆ.

ಕಳೆದ ಭಾನುವಾರ ಒಬ್ಬನೇ ಶಾಲೆಗೆ ಹೋಗಿದ್ದೆ. ಗುಳಿಕೆನ್ನೆಗೆ ‘ಊಟ ಆಯಿತಾ?’ ಎಂದು ಕೈಯಲ್ಲಿ ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಕೈ ಸರಿಯಿತ್ತಂತೆ, ಹುಬ್ಬು ಏರಿಸುವುದನ್ನೇ ಮರೆತಿದ್ದೆನಂತೆ.