ದೀಪಸ್ತಂಭದ ನಾರ್ವೇಜಿಯನ್ ಸೋದರ

ಹದಡಿ, ದಾವಣಗೆರೆ, ಹರಿಹರಗಳ ಬಯಲುಸೀಮೆಯಲ್ಲಿ ಸಮುದ್ರವನ್ನು ಕಣ್ಣಾರೆ ಕಾಣದೆಯೇ ಬಾಳು ಸವೆಸಿದವರು ಅನೇಕರಿದ್ದರೂ ದೀಪಸ್ತಂಭವೆಂಬ ಶಬ್ದವನ್ನರಿಯದವರು ವಿರಳ. ಏಕೆಂದರೆ ದೇವಾಲಯದ ಪ್ರಾಂಗಣದಲ್ಲಿ ಕಾರ್ತಿಕಮಾಸದ ಸಂಜೆ ಹಣತೆಗಳನ್ನು ಹೊತ್ತು ನಿಲ್ಲುವ ಶಿಲಾಕಂಬಕ್ಕೆ ಆ ಹೆಸರು ಸಲ್ಲುತ್ತದೆ. ನಾವಿಕರಿಗೆ ದಾರಿ ತೋರುವ ಗೋಪುರಕ್ಕೂ ಕನ್ನಡವು ಈ ಪರಿಚಿತ ನಾಮವನ್ನೇ ಇತ್ತಿತು. ಉಡುಪಿ ಜಿಲ್ಲೆಯ ಕಾಪುವಿನ ಕಡಲಬಂಡೆಯ ಮೇಲೆ 1901ರಲ್ಲಿ ನಿರ್ಮಿತವಾದ, ಸುಮಾರು 27 ಮೀಟರ್ ಎತ್ತರದ ಕಟ್ಟಡವು ನಮಗೆ ದೀಪಸ್ತಂಭವೇ.

ಉತ್ತರಧ್ರುವದ ನೆರೆಯ ನಾರ್ವೆಯಲ್ಲಿ ಇದೇ ಬಗೆಯ ಕಟ್ಟಡಕ್ಕೆ 'ಫ್ಯೂರ್‌ಟೋರ್ನ್' ಎಂದು ಹೆಸರು. ಫ್ಯೂರ್ ಎಂದರೆ ಬೆಂಕಿ, ಟೋರ್ನ್ ಎಂದರೆ ಗೋಪುರ. ಆ ದೇಶದ ಮುಖ್ಯಭೂಮಿಯ ದಕ್ಷಿಣದ ತುದಿಯಾದ ಲಿಂಡೆಸ್ನೆಸ್‌ನಲ್ಲಿ 1656ರಲ್ಲಿ ನಾರ್ವೆಯ ಮೊತ್ತಮೊದಲ ದೀಪವು ಮರದ ಗೋಪುರವೊಂದರಲ್ಲಿ ಮೋಂಬತ್ತಿಗಳಿಂದ ಬೆಳಗಿತು. ಆಮೇಲೆ 1725ರಲ್ಲಿ ಅಲ್ಲಿ ಕಲ್ಲಿದ್ದಲಿನ ಬೆಂಕಿಯನ್ನೇ ಉರಿಸಲಾರಂಭಿಸಿದರು. ವಿದ್ಯುದ್ದೀಪವು ಬಂದ ಮೇಲೂ ಶಬ್ದದೊಳಗಿನ ಬೆಂಕಿಯು ಆರಲಿಲ್ಲ.

ವ್ಯಾಕರಣದೃಷ್ಟಿಯಿಂದ ನೋಡಿದರೆ ಬೆಂಕಿಯ ಗೋಪುರವೂ ದೀಪದ ಸ್ತಂಭವೂ ಉತ್ತರಪದವೇ ಪ್ರಧಾನವಾಗಿರುವ ತತ್ಪುರುಷಸಮಾಸಗಳು. ಸ್ವಾರಸ್ಯದ ಸಂಗತಿಯೆಂದರೆ, ಎರಡೂ ನುಡಿಗಳಲ್ಲಿ ಸಮಾಸದ ಎರಡೂ ಅಂಗಗಳು ಹೊರಗಿನಿಂದ ಬಂದವು. ನಾರ್ವೇಜಿಯನ್ನಿನಲ್ಲಿ ಬೆಂಕಿಗೆ 'ಇಲ್ಡ್' ಎಂಬ ಸ್ವಂತ ಶಬ್ದವಿದ್ದರೂ, ಉತ್ತರ ಜರ್ಮನಿಯ ಹಾನ್ಸಾ ಕೂಟದ ವರ್ತಕರು ಬರ್ಗೆನ್ ಬಂದರಿನಲ್ಲಿ ಕೋಠಿಯನ್ನಿಟ್ಟು ವ್ಯಾಪಾರ ನಡೆಸಿದ ಶತಮಾನಗಳಲ್ಲಿ ನಾರ್ವೇಜಿಯನ್ನರ ನುಡಿಗೆ ತಗ್ಗುನಾಡಿನ ಜರ್ಮನ್ ಭಾಷೆಯಿಂದ ಹೊಕ್ಕ ಅಸಂಖ್ಯ ಪದಗಳೊಡನೆ ಫ್ಯೂರ್ ಬಂದಿತು. ಲ್ಯಾಟಿನ್ನಿನ 'ಟುರಿಸ್' ಮೂಲದ ಟೋರ್ನ್ ಶಬ್ದವೂ ಅದೇ ಜರ್ಮನ್ ಭಾಷೆಯ ಮಾರ್ಗವಾಗಿಯೇ ತಲುಪಿತು. ನಮ್ಮ ದೀಪವೂ ಸ್ತಂಭವೂ ಸಂಸ್ಕೃತದವು. 13ನೆಯ ಶತಮಾನದ ಕನ್ನಡ ವೈಯಾಕರಣ ಕೇಶಿರಾಜನು ಸಂಸ್ಕೃತಪದವನ್ನು ಕನ್ನಡಪದದೊಡನೆ ಬೆಸೆಯುವುದನ್ನು, ಪೂರ್ವಕವಿಪ್ರಯೋಗಗಳನ್ನುಳಿದು, ಅರಿಸಮಾಸವೆಂದು ನಿಷೇಧಿಸಿದನಷ್ಟೆ. ದೀಪಸ್ತಂಭವು ಆ ಕಟ್ಟಳೆಗೂ ಬಾಧಕವಲ್ಲ. ಆದರೂ ಜನರ ನಾಲಗೆಯು ಸ್ತಂಭವನ್ನು ಕಂಬವಾಗಿಸಿ 'ದೀಪದ ಕಂಬ'ವೆಂದು ತನ್ನದಾಗಿಸಿಕೊಂಡಿದೆ.

ಎರವಲು ತಂದ ಮಾತುಗಳಿಂದ ನುಡಿಯು ಬಡವಾಗುವುದೆಂದು ಶಂಕಿಸುವವರು ಈ ಎರಡು ಶಬ್ದಗಳನ್ನು ಪರೀಕ್ಷಿಸಲಿ. ಮೂಲವು ಯಾವುದೇ ಆಗಿರಲಿ, ತನ್ನ ಜನರ ಅನುಭವಕ್ಕೆ ಒಗ್ಗಿ ನಿತ್ಯವ್ಯವಹಾರದಲ್ಲಿ ನೆಲೆಗೊಂಡ ಶಬ್ದವನ್ನು ಪರಕೀಯವೆಂದು ಹಳಿಯುವುದು ಯುಕ್ತವಲ್ಲ.